ಸಜೀವ ಮಾದರಿ

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಎದುರು ಮೂಸಬ್ಬನ ಕೊಡೆ ಅಂಗಡಿ. ಮೇ ತಿಂಗಳ ಕೊನೆಯಲ್ಲಿ, ಮಳೆ ಇವತ್ತೋ ನಾಳೆಯೋ ಎನ್ನುವಾಗ, ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಥ ವ್ಯಾಪಾರದ ಹೊತ್ತಿನಲ್ಲಿ ಮೂಸಬ್ಬ ಗಿರಾಕಿಗಳನ್ನು ಕೆಲಸದವರಿಗೆ ಒಪ್ಪಿಸಿ, ಕೊಡೆಯ ಕಡ್ಡಿ ರಿಪೇರಿಗೆಂದು ಬಂದಿದ್ದ ಮುಂಡಪ್ಪನ ತೋಳು ಹಿಡಿದು ಹಿಂದಿನ ಗೋದಾಮಿಗೆ ಕರೆದುಕೊಂಡು ಹೋದ. ಬಾಗಿಲನ್ನು ಅರ್ಧ ಎಳೆದ. ದನಿ ತಗ್ಗಿಸಿ ಕೇಳಿದ.

"ಮುಂಡಪ್ಪಣ್ಣ, ಪಾಸ್ ಉಂಟಾ?"

"ಎಂತ ಪಾಸ್?"

"ಆದಿತ್ಯವಾರದ್ದು. ನಿಮ್ಮ ಮ್ಯೂಸಿಯಂ ತೋಟದ್ದು. ನನಗಲ್ಲ ಮಾರಾಯ್ರೆ, ಒಬ್ಬರು ಕೇಳ್ತಾ ಇದ್ದಾರೆ. ಮರ್ಯಾದಸ್ಥರು. ಹೆಸರು ಹೇಳುವ ಹಾಗಿಲ್ಲ."

ಆದಿತ್ಯವಾರ ಸಂಜೆ ತೋಟದಲ್ಲಿ ಹೆಂಡತಿ ಏನೋ ಕಾರ್ಯಕ್ರಮ ಇಟ್ಟುಕೊಂಡಿದ್ದಾಳೆಂದು ಮುಂಡಪ್ಪನಿಗೆ ಗೊತ್ತಿತ್ತು. ಅದಕ್ಕೆ ಪಾಸು ಯಾಕೆ, ಪಾಸು ಕೇಳಲು ಗೋದಾಮು ಯಾಕೆ ಎನ್ನುವುದು ಗೊತ್ತಿರಲಿಲ್ಲ. "ಪಾಸೆಲ್ಲ ಇಲ್ಲ. ಯಾರು ಬೇಕಾದರೂ ಬರಬಹುದು," ಎಂದ.

"ಯಾರು ಬೇಕಾದರೂ," ಎಂದು ಮೂಸಬ್ಬ ತನ್ನಷ್ಟಕ್ಕೆ ಹೇಳಿಕೊಂಡ. ಐವತ್ತು ವರ್ಷದ ಸ್ನೇಹಿತನನ್ನು ಈಗಷ್ಟೇ ಪರಿಚಯವಾದವನಂತೆ ಮೇಲಿನಿಂದ ಕೆಳಗೆ ನೋಡಿದ. ಆಮೇಲೆ ಮೂಲೆಯಲ್ಲಿದ್ದ ದೊಡ್ಡದೊಂದು ಕೊಡೆ ತೆಗೆದು, ಅದರ ಮಡಿಕೆಯೊಳಗೆ ಅಡಗಿಸಿಟ್ಟಿದ್ದ ಪೋಸ್ಟರನ್ನು ಹೊರಗೆಳೆದು ಬಿಡಿಸಿದ.

ಮೇಲ್ಗಡೆ ಸಣ್ಣ ಅಕ್ಷರದಲ್ಲಿ 'ಸಂಗ್ರಹಾಲಯದ ತೋಟದಲ್ಲಿ ವಿಜ್ಞಾನ ಮತ್ತು ಕಲೆಯ ಒಂದು ಸಂಜೆ' ಎಂದಿತ್ತು. ಅದನ್ನು ಯಾರೂ ಓದುವಂತಿರಲಿಲ್ಲ, ಯಾಕೆಂದರೆ ಅದರ ಕೆಳಗೆ ಕೆಂಪು ವೃತ್ತದೊಳಗೆ, ಬಸ್ಸಿನ ಕಿಟಕಿಯಿಂದಲೂ ಕಾಣುವ ಹಾಗೆ, 'ವಯಸ್ಕರಿಗೆ ಮಾತ್ರ' ಎಂದು ಹಾಕಿದ್ದರು. ಅದರ ಕೆಳಗೆ 'ಸಂತಾನೋತ್ಪತ್ತಿ: ನೇರ ಪ್ರಾತ್ಯಕ್ಷಿಕೆ'. ಅದರ ಕೆಳಗೆ 'ಸಜೀವ ಮಾದರಿಯನ್ನು ಎದುರಿಗೆ ಕೂರಿಸಿ ಚಿತ್ರರಚನೆ'. ಎಲ್ಲದರ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, 'ಈ ಸಂಜೆಯ ವಿಷಯ: ಹೂವು.'

ಮುಂಡಪ್ಪ ಕೊಡೆಗಳ ಕಟ್ಟಿನ ಮೇಲೆಯೇ ಕೂತುಬಿಟ್ಟ.

"ಮಾಡೆಲ್ ಬೊಂಬಾಯಿಯಿಂದ ಬರ್ತದೆ ಅಂತ ಮಾಣಿ ಜಂಕ್ಷನ್‌ನಲ್ಲಿ ಸುದ್ದಿ," ಮೂಸಬ್ಬ ಇನ್ನೂ ದನಿ ತಗ್ಗಿಸಿದ. "ನೀವು ಅಲ್ಲಿ ಹೋಟೆಲ್ ಇಟ್ಟವರಲ್ಲವಾ, ನಿಮಗೆ ಗುರುತಿನವರು ಇರ್ತಾರೆ ಅಂತ ಜನ ಹೇಳ್ತಾರೆ."

ಮುಂಡಪ್ಪ ಬೊಂಬಾಯಿಯಲ್ಲಿ ಹೋಟೆಲ್ ಇಟ್ಟದ್ದು ನಿಜ. ಇಪ್ಪತ್ತಾರು ವರ್ಷ ಘಾಟ್‌ಕೋಪರಿನ ಒಂದು ಮೂಲೆಯಲ್ಲಿ ಗಲ್ಲೆಯ ಹಿಂದೆ ಕೂತು, ಇಡ್ಲಿ ಚಟ್ನಿಯಿಂದ ಆಚೆಗೆ ಕಣ್ಣೆತ್ತಿ ನೋಡದೆ, ಎರಡು ಸಾವಿರದ ಒಂದರಲ್ಲಿ ಎಲ್ಲ ಬಿಟ್ಟು ಊರಿಗೆ ಬಂದಿದ್ದ. ಆ ಇಪ್ಪತ್ತಾರು ವರ್ಷವೂ ಅವನ ಹೆಂಡತಿ ಶಶಿಪ್ರಭಾ ಊರಿನಲ್ಲಿ ಹೈಸ್ಕೂಲಿನ ಜೀವಶಾಸ್ತ್ರದ ಟೀಚರ್. ಅವನು ವರ್ಷಕ್ಕೊಮ್ಮೆ ರಜೆಗೆ ಬರುವುದು, ನಾಲ್ಕು ಮದುವೆ ಎರಡು ಗೃಹಪ್ರವೇಶ ಮುಗಿಸಿ ಹೋಗುವುದು. ಅವನು ಶಾಶ್ವತವಾಗಿ ಬಂದಾಗ ಅವಳು ನಿವೃತ್ತಳಾಗಿ, ಸಿದ್ಧಕಟ್ಟೆ ರಸ್ತೆಯ ಅವನದೇ ಹಳೆಯ ಅಕ್ಕಿ ಮಿಲ್ಲನ್ನು ಸಂಗ್ರಹಾಲಯ ಮಾಡುತ್ತಿದ್ದಳು. ಫಾರ್ಮಲಿನ್ ಜಾಡಿಗಳಲ್ಲಿ ಹಾವು, ಬಾವಲಿ, ಎರಡು ತಲೆಯ ಕೋಳಿಮರಿ; ಗೋಡೆಗೆ ಹಕ್ಕಿಗೂಡು, ಕಪ್ಪೆಚಿಪ್ಪು, ಕಾಲೇಜಿನ ಚಿತ್ರಕಲೆ ಮಾಸ್ಟ್ರು ಫಾಝಿಲ್ ಬರೆದ ಎಲೆಗಳ ದೊಡ್ಡ ಚಿತ್ರಗಳು; ಹಿಂದೆ ಬಗೆಬಗೆಯ ಗಿಡಗಳ ತೋಟ. ಮುಂಡಪ್ಪ ಅದರ ಅಧ್ಯಕ್ಷ. ಅಧ್ಯಕ್ಷನ ಕೆಲಸ ಗೇಟಿನ ಬೀಗ ತೆಗೆಯುವುದು, ಹಾಕುವುದು. ಊರಿನಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಅದನ್ನು ಇಸ್ತ್ರಿ ಮಾಡಿದ ಅಂಗಿಯ ಹಾಗೆ ಮಡಿಕೆ ಕೆಡದಂತೆ ಕಾಪಾಡಿಕೊಂಡು ಬಂದಿದ್ದ.

ಪೋಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ. ಕಂಡಕ್ಟರ್ ಟಿಕೆಟ್ ಹರಿಯುತ್ತಾ ಅವನನ್ನು ನೋಡಿ ಒಂದು ಥರ ನಕ್ಕ. ಅಷ್ಟು ಸಾಕಾಯಿತು.

ಶಶಿಪ್ರಭಾ ತೋಟದಲ್ಲಿ ಸಿಮೆಂಟಿನ ಕುಂಡವೊಂದರ ಮುಂದೆ ಕುಕ್ಕುರುಗಾಲಲ್ಲಿ ಕೂತು ಸ್ಕೇಲ್ ಹಿಡಿದು ಮೊಗ್ಗೊಂದನ್ನು ಅಳೆಯುತ್ತಿದ್ದಳು. ಸುವರ್ಣಗೆಡ್ಡೆಯ ಮೊಗ್ಗು, ಎಲೆಯೇ ಇಲ್ಲದೆ ಮಣ್ಣಿನಿಂದ ನೇರ ಎದ್ದು, ಎಮ್ಮೆಯ ಕಿವಿಯಷ್ಟು ದಪ್ಪದ ಕಂದು ಹೊದಿಕೆಯನ್ನು ಸುತ್ತಿಕೊಂಡು ನಿಂತಿತ್ತು.

"ಇದನ್ನು ನೋಡಿದೆಯಾ?" ಮುಂಡಪ್ಪ ಪೋಸ್ಟರ್ ಬಿಡಿಸಿದ.

ಅವಳು ಕನ್ನಡಕ ಸರಿಮಾಡಿಕೊಂಡು ಓದಿದಳು. "'ಹೂವಿನ ಸಂತಾನೋತ್ಪತ್ತಿ' ಅಂತ ಬರೆದುಕೊಟ್ಟಿದ್ದೆ. ಪ್ರೆಸ್‌ನವನು ಹೂವನ್ನು ತೆಗೆದು ಕೆಳಗೆ ಹಾಕಿದ್ದಾನೆ. ಜಾಗ ಸಾಲಲಿಲ್ಲವೋ ಏನೋ. ಅವನು ಸಿನಿಮಾದ್ದೇ ಹೆಚ್ಚು ಮಾಡುವುದು."

"ಮತ್ತೆ ಈ ವಯಸ್ಕರಿಗೆ ಮಾತ್ರ?"

"ಅದು ನಾನೇ ಹಾಕಿಸಿದ್ದು. ಹದಿನೆಂಟು ದಾಟಿದವರು ಅಂತ ಅರ್ಥ. ಅದರಲ್ಲಿ ತಪ್ಪೆಂತ ಉಂಟು?"

ಅವಳ ವಿವರಣೆ ಸರಳವಾಗಿತ್ತು. ಮೂರು ವರ್ಷದಿಂದ ನೋಡುತ್ತಿದ್ದಾಳೆ, ದೊಡ್ಡವರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. 'ಅಕೋ ಹಾವು ನೋಡು, ಅಕೋ ಬಾವಲಿ ನೋಡು' ಎನ್ನುತ್ತಾರೆ. ತಾವು ಮಾತ್ರ ಒಂದನ್ನೂ ನೋಡುವುದಿಲ್ಲ. ಹೊರಗೆ ಬೆಂಚಿನಲ್ಲಿ ಕೂತು ಮೊಬೈಲಿನಲ್ಲಿ ವೆನಿಲ್ಲಾದ ರೇಟು ಮಾತಾಡುತ್ತಾರೆ. ಒಂದು ಸಂಜೆಯಾದರೂ ಮಕ್ಕಳಿಲ್ಲದೆ ಬರಲಿ, ತಮಗಾಗಿ ನೋಡಲಿ. ಹೇಗೂ ಬೇಸಗೆ ರಜೆ, ಸುವರ್ಣಗೆಡ್ಡೆಯೂ ಸರಿಯಾಗಿ ಆದಿತ್ಯವಾರಕ್ಕೆ ಅರಳುವ ಅಂದಾಜಿದೆ.

"ಜನ ಬೇರೆ ಎಂತದೋ ತಿಳಿದುಕೊಂಡಿದ್ದಾರೆ ಶಶಿ. ಬೇರೆ ಪೋಸ್ಟರ್ ಹಾಕಿಸುವ."

ಶಶಿಪ್ರಭಾ ಸ್ಕೇಲನ್ನು ಸೀರೆಯ ಸೆರಗಿನಲ್ಲಿ ಒರೆಸಿದಳು. "ಮೂವತ್ತು ವರ್ಷ ಪಾಠ ಮಾಡಿದ್ದೇನೆ. ನನ್ನ ಕ್ಲಾಸಿಗೆ ಯಾರೂ ಇಷ್ಟಪಟ್ಟು ಬಂದದ್ದಿಲ್ಲ, ಬೆಲ್ಲು ಹೊಡೆದರೆ ಬಂದರು. ಈಗ ತಾವಾಗಿ ಬರ್ತಾರೆ ಅಂದರೆ ಬರಲಿ. ಗೇಟಿನ ಒಳಗೆ ಕಾಲಿಟ್ಟ ಮೇಲೆ ಅವರು ನನ್ನ ವಿದ್ಯಾರ್ಥಿಗಳು. ಆಮೇಲೆ ನಾನುಂಟು, ಅವರುಂಟು."

ಮುಂಡಪ್ಪನಿಗೆ ತಾನು ಮದುವೆಯಾದವಳ ಬಗ್ಗೆ ಇನ್ನೂ ಎಷ್ಟೋ ತಿಳಿಯಲಿಕ್ಕಿದೆ ಎನಿಸಿತು.

ಆ ವಾರವಿಡೀ ಮನೆಯ ಫೋನು ಬಡಿದುಕೊಂಡಿತು. ಮಾಣಿಯಿಂದ ಒಬ್ಬರು, ಮುಗಿಯುವಾಗ ವಾಪಸು ಬಸ್ಸು ಸಿಗುತ್ತದಾ ಎಂದು ಕೇಳಿದರು. ಇನ್ನೊಬ್ಬರು ಫೋಟೋ ವಿಡಿಯೋ ಏನೂ ತೆಗೆಯುವುದಿಲ್ಲವಷ್ಟೆ ಎಂದು ಖಚಿತ ಮಾಡಿಕೊಂಡರು. ಬಂಟ್ವಾಳದ ಸಹಕಾರಿ ಸಂಘವೊಂದರ ನಿರ್ದೇಶಕರು, ತಮ್ಮದು ಕೇವಲ ಅಧ್ಯಯನದ ದೃಷ್ಟಿ ಎಂದು ಯಾರೂ ಕೇಳದಿದ್ದರೂ ಹೇಳಿದರು. ಗುರುವಾರ ಠಾಣೆಗೆ ಬರಲು ಕರೆ ಬಂತು, ಮುಂಡಪ್ಪ ಹೋದ. ಎಸ್.ಐ. ಗದಗ ಕಡೆಯ ಯುವಕ, ಪೋಸ್ಟರನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ.

"ಏನ್ರೀ ಮುಂಡಪ್ಪನವರ, ದೊಡ್ಡ ಮನುಷ್ಯಾರು ನೀವು. ಏನ್ರೀ ಇದು?"

"ಹೂವು ಸರ್," ಎಂದ ಮುಂಡಪ್ಪ.

"ಹೂವು ಅಂತ ಎಲ್ಲಾರೂ ಅಂತಾರ್ರೀ."

ಮುಂಡಪ್ಪ ಪೋಸ್ಟರಿನ ತಳಕ್ಕೆ ಬೆರಳಿಟ್ಟು ತೋರಿಸಿದ. ಎಸ್.ಐ. ಬಗ್ಗಿ, ಕಣ್ಣು ಕಿರಿದು ಮಾಡಿ ಓದಿದ. ಅವನ ಮುಖದಲ್ಲಿ ನಿರಾಳ ಕಾಣಿಸಿತೋ ನಿರಾಸೆಯೋ ಹೇಳುವುದು ಕಷ್ಟ. ಆದರೂ ಬಂದೋಬಸ್ತಿಗೆ ತಾನೇ ಬರುತ್ತೇನೆ, ಡ್ರೆಸ್ಸಿನಲ್ಲಿ ಬಂದರೆ ಜನ ಹೆದರುತ್ತಾರೆ, ಹಾಗಾಗಿ ಸಾದಾ ಅಂಗಿಯಲ್ಲಿ ಬರುತ್ತೇನೆ ಎಂದ.

ಆದಿತ್ಯವಾರ ಮಧ್ಯಾಹ್ನ ಹೊಸ ತೊಂದರೆ ಬಂತು. ಚಿತ್ರಕ್ಕೆ ಮಾದರಿಯಾಗಿ ಕೂರಲು ಫಾಝಿಲ್ ಮಾಸ್ಟ್ರು ಗೊತ್ತು ಮಾಡಿದ್ದು ಊರಿನ ಮುದುಕ ಹುಕ್ರಪ್ಪನನ್ನು. ಗದ್ದೆ ಉಳುವ ಕಾಲದಿಂದ ಇಟ್ಟ ದೊಡ್ಡ ಬಿಳಿ ಮೀಸೆ, ಬಿರುಕು ಬಿಟ್ಟ ನೆಲದ ಹಾಗೆ ಗೆರೆಗಳ ಮುಖ. ಸುದ್ದಿ ಹುಕ್ರಪ್ಪನ ಹೆಂಡತಿಯ ಕಿವಿಗೂ ಬಿದ್ದಿತ್ತು. ಬಟ್ಟೆ ಬಿಚ್ಚಿ ಕೂರಲು ತಮ್ಮ ಮನೆಯಿಂದ ಯಾರೂ ಬರುವುದಿಲ್ಲ ಎಂದು ಹೇಳಿ ಅವಳು ಗಂಡನನ್ನು ಬೆಳಗ್ಗಿನ ಬಸ್ಸಿಗೇ ಬೆಳ್ತಂಗಡಿಯ ಮಗಳ ಮನೆಗೆ ಕಳಿಸಿಬಿಟ್ಟಿದ್ದಳು.

ಫಾಝಿಲ್ ಮಾಸ್ಟ್ರು ಮಿಲ್ಲಿನ ಕಂಬಕ್ಕೆ ಒರಗಿ ಮುಂಡಪ್ಪನನ್ನೇ ನೋಡುತ್ತಿದ್ದ. ತೆಳ್ಳಗಿನ, ಯಾವತ್ತೂ ನಗದ ಮನುಷ್ಯ.

"ಅಧ್ಯಕ್ಷರೇ, ನಿಮ್ಮ ಮುಖವೂ ಅಡ್ಡಿಯಿಲ್ಲ. ಮೂಗು ಉಂಟು, ನೆರಳು ಉಂಟು."

"ನನ್ನಿಂದ ಆಗುವುದಿಲ್ಲ ಮಾಸ್ಟ್ರೇ."

"ಎಂತ ಕೆಲಸ ಉಂಟು ಅದರಲ್ಲಿ? ಕೂರುವುದು. ಇಪ್ಪತ್ತಾರು ವರ್ಷ ಗಲ್ಲೆಯಲ್ಲಿ ಕೂತವರು ನೀವು."

ಶಶಿಪ್ರಭಾ ಆ ಕಡೆಯಿಂದ ಕುರ್ಚಿ ಜೋಡಿಸುತ್ತಾ, "ಕೂತುಬಿಡಿ ಮಾರಾಯ್ರೆ, ಮಾದರಿ ಇಲ್ಲ ಅಂತ ಗೊತ್ತಾದರೆ ಅರ್ಧ ಜನ ಎದ್ದು ಹೋಗ್ತಾರೆ," ಎಂದಳು.

ಮುಂಡಪ್ಪ ಕೊನೆಗೆ ಒಂದೇ ಪ್ರಶ್ನೆ ಕೇಳಿದ. "ಅಂಗಿ ಹಾಕಿಕೊಂಡೇ ಅಲ್ಲವಾ?"

ಅಧ್ಯಕ್ಷನಿಗೆ ತಕ್ಕ ಹಾಗೆ ಅವನು ಆ ದಿನ ರೇಷ್ಮೆ ಅಂಗಿ ಹಾಕಿದ್ದ. ಫಾಝಿಲ್ ಮಾಸ್ಟ್ರು ತಲೆ ಅಲ್ಲಾಡಿಸಿದ. ಹೊಳೆಯುವ ಬಟ್ಟೆ ಬರೆಯುವುದು ಅಭ್ಯಾಸ ಇಲ್ಲದವರಿಗೆ ಆಗದ ಕೆಲಸ. ಒಳಗಿನ ಬನಿಯನ್ ಆದರೆ ಒಳ್ಳೆಯದು, ಕುತ್ತಿಗೆ ಭುಜ ಸರಿಯಾಗಿ ಕಾಣುತ್ತದೆ. ಮುಂಡಪ್ಪ ಹೆಂಡತಿಯ ಕಡೆ ನೋಡಿದ. ಅವಳು ಕುರ್ಚಿ ಎಣಿಸುತ್ತಿದ್ದಳು.

ಬಿಸಿಲು ಇಳಿಯುತ್ತಲೇ ಜನ ಬರತೊಡಗಿದರು. ಬಂದವರೆಲ್ಲ ಗಂಡಸರೇ. ಬಿಸಿಲು ಹೋದರೂ ಎಷ್ಟೋ ಜನ ಹೆಗಲ ಮೇಲಿನ ಬೈರಾಸನ್ನು ತಲೆಗೆ ಹೊದ್ದುಕೊಂಡಿದ್ದರು. ಮಿಲ್ಲಿನ ಮುಂದೆ ಭತ್ತ ಒಣಗಿಸುತ್ತಿದ್ದ ಸಿಮೆಂಟಿನ ಅಂಗಳದಲ್ಲಿ ಕುರ್ಚಿ ಹಾಕಿತ್ತು. ಸಾಮಾನ್ಯವಾಗಿ ಸಭೆಯಲ್ಲಿ ಖಾಲಿ ಉಳಿಯುವ ಹಿಂದಿನ ಸಾಲುಗಳೇ ಮೊದಲು ತುಂಬಿದವು. ಒಬ್ಬರನ್ನೊಬ್ಬರು ಕಂಡಾಗ, "ಹೀಗೇ ಸಿದ್ಧಕಟ್ಟೆಗೆ ಹೊರಟವ," "ಇಲ್ಲೇ ಹತ್ತಿರ ಒಬ್ಬರನ್ನು ನೋಡಲಿಕ್ಕಿತ್ತು," ಎಂದು ಹೇಳಿಕೊಂಡರು. ಸಹಕಾರಿ ಸಂಘದ ನಿರ್ದೇಶಕರು ಕಪ್ಪು ಕನ್ನಡಕದಲ್ಲಿ ಬಂದು ಕುರ್ಚಿಗೆ ಎಡವಿದರು. ಎಸ್.ಐ. ಹೂವಿನ ಚಿತ್ರದ ಅಂಗಿ ತೊಟ್ಟು ಬಂದಿದ್ದ. ಮೂಸಬ್ಬ ಕೊನೆಯ ಸಾಲಿನ ಮೂಲೆಯಲ್ಲಿ, ಮಳೆ ಇಲ್ಲದಿದ್ದರೂ ಕೊಡೆ ಅರ್ಧ ಬಿಡಿಸಿ ಮುಖಕ್ಕೆ ಮರೆ ಮಾಡಿಕೊಂಡು ಕೂತ.

ಆಗ ಗೇಟಿನ ಹತ್ತಿರ ಒಂದು ಜೀಪು ನಿಂತಿತು. ಅದರಿಂದ ಹೆಂಗಸರು ಇಳಿದರು, ಇಳಿಯುತ್ತಲೇ ಇದ್ದರು. ಎಲ್ಲರಿಗಿಂತ ಮುಂದೆ ಮೂಸಬ್ಬನ ಹೆಂಡತಿ ಬೀಫಾತಿಮಾ. ನೆರೆಹೊರೆಯ ಹೆಂಗಸರೆಲ್ಲ ಸೇರಿ, ತಮ್ಮ ಗಂಡಸರು ಒಂದೇ ದಿನ ಬೇರೆ ಬೇರೆ ಊರಿಗೆ ಹೊರಟದ್ದು ಯಾಕೆಂದು ಮಾತಾಡಿಕೊಂಡಿದ್ದರು. ಬೀಫಾತಿಮಾ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಸಾಲುಗಳನ್ನು ಒಮ್ಮೆ ನೋಡಿ, ನೇರ ಕೊಡೆಯ ಹತ್ತಿರ ಹೋದಳು.

"ಮಾಣಿಯಲ್ಲಿ ಮಾತುಕತೆಗೆ ಹೋಗ್ಲಿಕ್ಕುಂಟು ಅಂದಿರಿ."

ಕೊಡೆ ಇನ್ನೂ ಸ್ವಲ್ಪ ಕೆಳಗಿಳಿಯಿತು.

"ಮಾಣಿ ಇಲ್ಲಿಗೆ ಬಂದದ್ದು ಯಾವಾಗ?"

"ಕೂತುಕೋ," ಎಂದಿತು ಕೊಡೆ. "ವಿಜ್ಞಾನದ್ದು. ಒಳ್ಳೆಯದುಂಟಂತೆ."

ಅವಳು ಪಕ್ಕದಲ್ಲೇ ಕೂತಳು. ಉಳಿದ ಹೆಂಗಸರೂ ತಮ್ಮ ತಮ್ಮವರನ್ನು ಹುಡುಕಿ ಕೂತರು. ಬೈರಾಸುಗಳು ಒಂದೊಂದಾಗಿ ತಲೆಯಿಂದ ಹೆಗಲಿಗೆ ಇಳಿದವು. ಇನ್ನು ಎದ್ದು ಹೋಗುವುದು ಕೂತಿರುವುದಕ್ಕಿಂತ ಕಷ್ಟವಾದಾಗ ಶಶಿಪ್ರಭಾ ಗೇಟಿಗೆ ಚಿಲಕ ಹಾಕಿ ಬಂದಳು.

"ಮೊದಲು ಚಿತ್ರ. ಎಲ್ಲರಿಗೂ ಕಾಗದ, ಪೆನ್ಸಿಲು, ರಟ್ಟು ಕೊಡ್ತೇವೆ. ನನಗೆ ಬರುವುದಿಲ್ಲ ಅಂತ ಯಾರೂ ಹೇಳಬಾರದು. ಸಜೀವ ಮಾದರಿ ಈಗ ಬರ್ತಾರೆ."

ಸಾಲುಗಳಲ್ಲಿ ಕುತ್ತಿಗೆಗಳು ಉದ್ದವಾದವು. ಮಿಲ್ಲಿನ ಬಾಗಿಲಿನಿಂದ ಬನಿಯನ್ ಮತ್ತು ಬಿಳಿ ಪಂಚೆಯಲ್ಲಿ ಮುಂಡಪ್ಪ ಹೊರಗೆ ಬಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಅಷ್ಟೂ ಜನರ ಮುಖದಿಂದ ಏನೋ ಒಂದು ಮೆಲ್ಲನೆ ಜಾರಿಹೋದದ್ದನ್ನು ಮುಂಡಪ್ಪ ಕಣ್ಣಾರೆ ಕಂಡ. ಊಟಕ್ಕೆ ಕೂತವರಿಗೆ ಪಾಯಸ ಮುಗಿಯಿತು ಎಂದು ಹೇಳಿದಾಗ ಆಗುವ ಹಾಗೆ. ಬೊಂಬಾಯಿಯಿಂದ ಬಂದ ಮಾದರಿ ಎನ್ನುವುದು ಮಾತ್ರ ಸುಳ್ಳಾಗಿರಲಿಲ್ಲ. ಅವನು ಬೆಂಚಿನ ಮೇಲಿಟ್ಟ ಕುರ್ಚಿಗೆ ಹತ್ತಿ ಕೂತ. ಬೆಳಕು ಚೆನ್ನಾಗಿರುವುದು ಅಲ್ಲೇ ಎಂದು ಶಶಿಪ್ರಭಾ ಸುವರ್ಣಗೆಡ್ಡೆಯ ಕುಂಡವನ್ನೂ ಆ ಕುರ್ಚಿಯ ಪಕ್ಕಕ್ಕೇ ಎಳೆಸಿಟ್ಟಿದ್ದಳು. ಫಾಝಿಲ್ ಮಾಸ್ಟ್ರು ಬಂದು ಅವನ ಗಲ್ಲವನ್ನು ಎರಡು ಬೆರಳಿನಿಂದ ಸ್ವಲ್ಪ ಎತ್ತಿ, "ಇನ್ನು ಅಲ್ಲಾಡಬೇಡಿ. ಮಾತೂ ಬೇಡ. ತುಟಿ ಅಲ್ಲಾಡಿದರೆ ಎಲ್ಲರ ಬಾಯಿ ಹಾಳಾಗ್ತದೆ," ಎಂದ.

ಪೆನ್ಸಿಲ್ಲುಗಳು ಹೆದರುತ್ತಾ ಚಲಿಸತೊಡಗಿದವು. ಶಾಲೆ ಬಿಟ್ಟ ಮೇಲೆ ಅಲ್ಲಿದ್ದವರಲ್ಲಿ ಯಾರೂ ಚಿತ್ರ ಬರೆದಿರಲಿಲ್ಲ. ಸ್ವಲ್ಪ ಹೊತ್ತಿಗೆ, ಬಂದದ್ದು ಯಾಕೆಂಬುದು ಮರೆತು, ಒಬ್ಬೊಬ್ಬರೇ ಮೂಗಿನ ಲೆಕ್ಕದಲ್ಲಿ ಮುಳುಗಿದರು. ನಿರ್ದೇಶಕರು ಕಪ್ಪು ಕನ್ನಡಕ ತೆಗೆದರು. ಎಸ್.ಐ. ಪಕ್ಕದವರ ಹತ್ತಿರ ರಬ್ಬರ್ ಕೇಳಿದ.

ಮುಂಡಪ್ಪನಿಗೆ ಮೊದಮೊದಲು ನಾಚಿಕೆಯಿಂದ ಕಿವಿ ಕಾದಿತ್ತು. ಆಮೇಲೆ ಬೇರೊಂದು ತಿಳಿಯಿತು. ಗಲ್ಲೆಯಲ್ಲಿ ಕೂತಾಗಲೂ ಸಾವಿರಾರು ಜನ ಅವನೆದುರು ನಿಂತಿದ್ದರು, ಆದರೆ ಅವರ ಕಣ್ಣು ಅವನ ಕೈಯ ಮೇಲೆ, ಚಿಲ್ಲರೆಯ ಮೇಲೆ. ಮುಖ ನೋಡಿದವರಿಲ್ಲ. ಮುಂದಿನ ಸಾಲಿನಲ್ಲಿ ಶಶಿಪ್ರಭಾಳೂ ರಟ್ಟು ಹಿಡಿದು ಕೂತಿದ್ದಳು. ಸೂಕ್ಷ್ಮದರ್ಶಕದಲ್ಲಿ ನೋಡುವಾಗಿನ ಹಾಗೆ ಒಂದು ಕಣ್ಣು ಕಿರಿದು ಮಾಡಿ ಅವನನ್ನು ನೋಡುವುದು, ಬರೆಯುವುದು, ಮತ್ತೆ ನೋಡುವುದು. ಮೂವತ್ತು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗ ಇವಳು ತಲೆಯನ್ನೇ ಎತ್ತಿರಲಿಲ್ಲ. ಈಗ ಎತ್ತಿದ್ದಾಳೆ, ಇಳಿಸುತ್ತಲೇ ಇಲ್ಲ. ಮುಂಡಪ್ಪ ಹೊಟ್ಟೆಯನ್ನು ಸ್ವಲ್ಪ ಒಳಗೆಳೆದುಕೊಂಡ.

ಮೋಡ ಕವಿದು ಬೆಳಕು ಮಂಕಾಗುವ ಹೊತ್ತಿಗೆ ವಾಸನೆ ಶುರುವಾಯಿತು.

ಮೊದಲು ಮುಂಡಪ್ಪನ ಮೂಗಿನ ಎಡ ಹೊಳ್ಳೆಗೆ ಬಡಿಯಿತು. ಸತ್ತ ಇಲಿ ಎಂದುಕೊಂಡ. ಮತ್ತೊಂದು ಉಸಿರಿಗೆ, ಇಲಿಯಲ್ಲ, ಇಲಿಗಳ ದೊಡ್ಡ ಸಂಸಾರವೇ ಇರಬೇಕು ಎನಿಸಿತು. ಕಣ್ಣಂಚಿನಲ್ಲಿ ನೋಡಿದರೆ ಪಕ್ಕದ ಕುಂಡದಲ್ಲಿ ಮೊಗ್ಗು ಬಾಯಿ ಬಿಡುತ್ತಿತ್ತು. ಕಂದು ಹೊದಿಕೆ ಸಭೆಯ ಕಡೆಗೆ ಬೆನ್ನು ಮಾಡಿತ್ತು, ತೆರೆದ ಬಾಯಿ ಮುಂಡಪ್ಪನ ಕಡೆಗೆ. ಹಾಗಾಗಿ ಅರಳಿದ್ದು ಅವನಿಗೆ ಮಾತ್ರ ಕಂಡಿತು. ವಾಸನೆ ಎಲ್ಲರಿಗೂ ಸಿಕ್ಕಿತು.

ಮುಂದಿನ ಸಾಲಿನಲ್ಲಿ ಒಬ್ಬರು ಮೂಗು ಒರೆಸಿಕೊಂಡರು. ಎರಡನೆಯ ಸಾಲಿನಲ್ಲಿ ಬೈರಾಸುಗಳು ಮೇಲೇರಿದವು. ಪಿಸುಮಾತು ಹರಡಿತು. ಜನ ಅತ್ತಿತ್ತ ನೋಡಿದರು, ಕುರ್ಚಿಯ ಅಡಿ ನೋಡಿದರು, ಕೊನೆಗೆ ಎಲ್ಲರೂ ಮುಂಡಪ್ಪನನ್ನು ನೋಡಿದರು.

"ಪಾಪ," ಎಂದಿತು ಒಂದು ಹೆಣ್ಣುದನಿ. "ವಯಸ್ಸಾಯ್ತು. ಇಷ್ಟು ಹೊತ್ತು ಕೂರಿಸಬಾರದಿತ್ತು."

"ಮಧ್ಯಾಹ್ನ ಎಂತ ಊಟ ಮಾಡಿದ್ದಾರೋ," ಎಂದಿತು ಇನ್ನೊಂದು.

ಮೂಸಬ್ಬ ಗೆಳೆಯನ ಮಾನ ಉಳಿಸುವವನಂತೆ ಆಕಾಶ ನೋಡುತ್ತಾ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಎಸ್.ಐ. ಕಾಗದದಿಂದ ಗಾಳಿ ಹಾಕಿಕೊಂಡ. ಫಾಝಿಲ್ ಮಾಸ್ಟ್ರು ಕರವಸ್ತ್ರ ಮೂಗಿಗೆ ಹಿಡಿದೇ, "ಇನ್ನು ಹತ್ತು ನಿಮಿಷ ತಡೆದುಕೊಳ್ಳಿ ಅಧ್ಯಕ್ಷರೇ," ಎಂದು ಎರಡರ್ಥ ಬರುವ ಹಾಗೆ ಹೇಳಿದ.

ಮುಂಡಪ್ಪ ಹೆಂಡತಿಯ ಕಡೆ ನೋಡಿದ. ಅವಳೊಬ್ಬಳೇ ನೆಮ್ಮದಿಯಾಗಿ ಬರೆಯುತ್ತಿದ್ದಳು. ಮೂವತ್ತು ವರ್ಷ ಫಾರ್ಮಲಿನ್ ಜಾಡಿಗಳನ್ನು ತೆರೆದು ಮುಚ್ಚಿದ ಮೇಲೆ ಅವಳ ಮೂಗಿಗೆ ಮೀನು ಯಾವುದು ಮಲ್ಲಿಗೆ ಯಾವುದು ಎಂಬುದು ತಿಳಿಯುತ್ತಿರಲಿಲ್ಲ. ಅವನು ಕಣ್ಣು ಗುಡ್ಡೆಯನ್ನು ಕುಂಡದ ಕಡೆ ಹೊರಳಿಸಿದ, ಅವಳ ಕಡೆ ಹೊರಳಿಸಿದ, ಮತ್ತೆ ಕುಂಡದ ಕಡೆ.

"ಕಣ್ಣು ಅಲ್ಲಾಡಿಸಬೇಡಿ ಮಾರಾಯ್ರೆ, ಅದನ್ನೇ ಬರೀತಾ ಇದ್ದೇನೆ," ಎಂದಳು ಶಶಿಪ್ರಭಾ.

ಎಲ್ಲಿಂದಲೋ ನೊಣಗಳು ಬಂದವು. ಒಂದು ಕಪ್ಪು ಜೀರುಂಡೆ ಬಂದು ಕುಂಡಕ್ಕೆ ಹೋಗುವ ದಾರಿಯಲ್ಲಿ ಅವನ ಬನಿಯನ್ನಿನ ಮೇಲೆ ಇಳಿದು, ಭುಜ ಹತ್ತಿ, ಕಿವಿಯ ಹಿಂದೆ ವಿಶ್ರಾಂತಿ ತೆಗೆದುಕೊಂಡಿತು. ನೊಣಗಳೂ ಬಂದದ್ದನ್ನು ಕಂಡು ಸಭೆಗೆ ಉಳಿದಿದ್ದ ಸಂಶಯವೂ ಹೋಯಿತು. ಹಿಂದಿನ ಸಾಲಿನಲ್ಲಿ ಒಬ್ಬರು, ಯಾರಾದರೂ ಹೋಗಿ ಅವರಿಗೆ ಹೇಳುವ, ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಮುಂಡಪ್ಪ ಸಭೆಯಲ್ಲಿ ಮಾತಾಡಿದವನಲ್ಲ. ಬೊಂಬಾಯಿಯ ಹೋಟೆಲ್ ಸಂಘದ ಸಭೆಯಲ್ಲೂ ಕೈಯೆತ್ತುವುದರ ಆಚೆಗೆ ಹೋದವನಲ್ಲ. ಈಗ ಅವನು ಕುರ್ಚಿಯಿಂದ ಎದ್ದು, ಬೆಂಚಿನ ಮೇಲೆ ನೆಟ್ಟಗೆ ನಿಂತು, ಬಂಟ್ವಾಳ, ಮೂಡುಬಿದಿರೆ, ಮಾಣಿಯ ಗಣ್ಯರೆಲ್ಲ ಕೇಳುವಂತೆ ಹೇಳಿದ.

"ಅದು ನಾನಲ್ಲ. ಹೂವು."

ಹೇಳಿ, ಬೆಂಚಿನಿಂದ ಇಳಿದು, ಎರಡು ಕೈಯಲ್ಲಿ ಕುಂಡವನ್ನು ಹಿಡಿದು ಸಭೆಯ ಕಡೆಗೆ ತಿರುಗಿಸಿದ.

ಕಂದು ಹೊದಿಕೆ ಪೂರ್ತಿ ಅರಳಿ ಬಟ್ಟಲಾಗಿತ್ತು. ಅದರ ನಡುವೆ ಮನುಷ್ಯನ ಮೆದುಳಿನ ಹಾಗೆ ಮಡಿಕೆ ಮಡಿಕೆಯಾದ ನೇರಳೆ ಬಣ್ಣದ ಗುಡ್ಡೆಯೊಂದು ಒದ್ದೆಯಾಗಿ ಹೊಳೆಯುತ್ತಾ ಕೂತಿತ್ತು. ಒಂದು ಕ್ಷಣ ಎಲ್ಲರೂ ಹೂವನ್ನು ನೋಡಿದರು, ಬನಿಯನ್ನಿನ ಮುಂಡಪ್ಪನನ್ನು ನೋಡಿದರು. ಆಮೇಲೆ ಬೀಫಾತಿಮಾ ನಕ್ಕಳು. ಅವಳು ನಕ್ಕದ್ದೇ ಅಂಗಳವಿಡೀ ನಕ್ಕಿತು. ಮೂಗು ಮುಚ್ಚಿಕೊಂಡು ನಕ್ಕರು, ಬೈರಾಸಿನೊಳಗೆ ನಕ್ಕರು, ನಿರ್ದೇಶಕರು ಕೆಮ್ಮು ಬರುವ ತನಕ ನಕ್ಕರು. ಫಾಝಿಲ್ ಮಾಸ್ಟ್ರು ಮಾತ್ರ ಬಾಯಿ ಹಾಳಾಯಿತು ಎಂದ.

ಶಶಿಪ್ರಭಾ ರಟ್ಟನ್ನು ಕುರ್ಚಿಯ ಮೇಲಿಟ್ಟು ಎದ್ದುಬಂದಾಗ ಹತ್ತನೆಯ ತರಗತಿಯ ಬಾಗಿಲಲ್ಲಿ ನಿಂತ ಹಾಗಿದ್ದಳು. ಸದ್ದು ತಾನಾಗಿ ಅಡಗಿತು. ಎಲ್ಲರೂ ಎದ್ದು ಹತ್ತಿರ ಬರಬೇಕೆಂದಳು, ಬಂದರು. ಬಟ್ಟಲಿನ ತಳದಲ್ಲಿ ಹೆಣ್ಣು ಹೂಗಳು, ಅದರ ಮೇಲೆ ಗಂಡು ಹೂಗಳು, ಎಲ್ಲ ಸಾಸಿವೆಯಷ್ಟು ಸಣ್ಣದು, ನೂರಾರು. ಮೊದಲ ದಿನ ಹೆಣ್ಣು ಮಾತ್ರ ಎಚ್ಚರ. ಗಂಡು ಎಚ್ಚರವಾಗುವುದು ಮಾರನೆ ದಿನ, ಅಷ್ಟರಲ್ಲಿ ಹೆಣ್ಣಿನ ಹೊತ್ತು ಮುಗಿದಿರುತ್ತದೆ. ಒಂದೇ ಮನೆಯಲ್ಲಿದ್ದೂ ಒಬ್ಬರಿಗೊಬ್ಬರು ಸಿಗುವುದಿಲ್ಲ. ಅದಕ್ಕೆ ಬೇರೆ ಗಿಡದಿಂದ ಪರಾಗ ತರಲು ಈ ಜೀರುಂಡೆ ಬೇಕು, ಜೀರುಂಡೆಯನ್ನು ಕರೆಯಲು ಈ ವಾಸನೆ ಬೇಕು.

"ಇದನ್ನು ಮುಟ್ಟಿ ನೋಡಿ," ಎಂದು ನೇರಳೆ ಗುಡ್ಡೆಯನ್ನು ತೋರಿಸಿದಳು. ಯಾರೂ ಮುಂದೆ ಬರಲಿಲ್ಲ. ಬೀಫಾತಿಮಾ ಬಂದು ಅಂಗೈ ಇಟ್ಟಳು, ತೆಗೆಯಲಿಲ್ಲ.

"ಟೀಚರೇ, ಇದಕ್ಕೆ ಜ್ವರ ಉಂಟು."

"ಹೌದು. ಇವತ್ತು ಮಾತ್ರ. ವಾಸನೆ ದೂರ ಹೋಗಲಿ ಅಂತ ತನ್ನನ್ನೇ ಬಿಸಿ ಮಾಡಿಕೊಳ್ತದೆ."

ಆಮೇಲೆ ಎಲ್ಲರಿಗೂ ಮುಟ್ಟಬೇಕಾಯಿತು. ಸಾಲು ನಿಂತರು. ಮೂಸಬ್ಬ ಮುಟ್ಟಿ, ತನ್ನ ಹಣೆ ಮುಟ್ಟಿ, ಮತ್ತೆ ಹೂವು ಮುಟ್ಟಿ ಹೋಲಿಸಿದ. ಎಸ್.ಐ. ಕೈಯೆತ್ತಿ, "ಮೇಡಂ, ಇವತ್ತ ಹೆಣ್ಣು, ನಾಳೆ ಗಂಡು ಅಂದ್ರ ರೆಕಾರ್ಡಿನ್ಯಾಗ ಏನಂತ ಬರೀಬೇಕ್ರೀ?" ಎಂದು ಕೇಳಿದ. ಅದು ತಮಾಷೆಯಲ್ಲ, ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು. ಶಶಿಪ್ರಭಾಳಿಗೆ ಆ ಪ್ರಶ್ನೆ ಎಷ್ಟು ಇಷ್ಟವಾಯಿತೆಂದರೆ ಉತ್ತರ ಮುಗಿಯುವಾಗ ಅಂಗಳದ ದೀಪ ಹಾಕಬೇಕಾಯಿತು. ವಾಸನೆಗೆ ಮೂಗುಗಳು ಒಗ್ಗಿಹೋಗಿದ್ದವು. ಪ್ರಶ್ನೆಗಳು ಬಂದವು, ಒಂದಾದ ಮೇಲೆ ಒಂದು, ದೊಡ್ಡವರು ಮಕ್ಕಳೆದುರು ಕೇಳಲಾಗದ ಪ್ರಶ್ನೆಗಳು: ಹಾವಿಗೆ ಕಿವಿ ಉಂಟಾ, ಬಾವಲಿ ತಲೆಕೆಳಗಾಗಿ ಹೇಗೆ ಹೆರುತ್ತದೆ, ಎರಡು ತಲೆಯ ಕೋಳಿಮರಿಗೆ ಹಸಿವಾದದ್ದು ಯಾವ ತಲೆಗೆ. ಬಂದದ್ದೇಕೆಂದು ಯಾರೂ ಎತ್ತಲಿಲ್ಲ.

ಫಾಝಿಲ್ ಮಾಸ್ಟ್ರು ಚಿತ್ರಗಳನ್ನೆಲ್ಲ ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದ. ಜನ ಒಬ್ಬೊಬ್ಬರೇ ನೋಡಿಕೊಂಡು, ಮುಂಡಪ್ಪನಿಗೆ ಕೈಮುಗಿದು ಹೊರಟರು. ಮೂಸಬ್ಬ ಮಾತ್ರ ಹೋಗುವಾಗ, ಮುಂದಿನ ಸಲ ತಾನೂ ಕೂರಬಹುದು, ಆದರೆ ಅಂಗಿ ತೆಗೆಯುವವನಲ್ಲ ಎಂದ. ಮುಂದಿನ ಸಲ ಎನ್ನುವುದೊಂದು ಇದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಜೀಪಿನಲ್ಲಿ ಹೆಂಗಸರ ನಡುವೆ ಅವನನ್ನು ಕೂರಿಸಿಕೊಂಡು ಬೀಫಾತಿಮಾ ಹೋದಳು.

ಅಂಗಳ ಖಾಲಿಯಾದ ಮೇಲೆ ಮುಂಡಪ್ಪ ರೇಷ್ಮೆ ಅಂಗಿ ಹಾಕಿಕೊಂಡು ಹಗ್ಗದ ಉದ್ದಕ್ಕೂ ನಡೆದ. ಒಂದರಲ್ಲಿ ಅವನು ಸಿಹಿಗುಂಬಳ. ಇನ್ನೊಂದರಲ್ಲಿ ಯಾರೋ ಅಜ್ಜಿ. ಎಸ್.ಐ. ಬರೆದದ್ದು ತಲೆಮರೆಸಿಕೊಂಡವರ ಚಿತ್ರದ ಹಾಗೆ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಮೂಸಬ್ಬ ಕುರ್ಚಿಯನ್ನು ಮಾತ್ರ, ನಾಲ್ಕೂ ಕಾಲು ಸರಿಯಾಗಿ, ಬಹಳ ಚೆನ್ನಾಗಿ ಬರೆದಿದ್ದ. ಕೊನೆಯಲ್ಲಿ ಶಶಿಪ್ರಭಾಳದ್ದು. ಅದು ಚಿತ್ರವಲ್ಲ, ಪಾಠದ ಪುಸ್ತಕದ ಆಕೃತಿ. ಪ್ರತಿ ಭಾಗದಿಂದಲೂ ಸ್ಕೇಲಿನಲ್ಲಿ ಎಳೆದ ಗೆರೆ, ಗೆರೆಯ ತುದಿಗೆ ಹೆಸರು: ಹಣೆ. ಬಲಹುಬ್ಬು. ಎಡಗಿವಿ, ಬಲಗಿವಿಗಿಂತ ಸ್ವಲ್ಪ ಕೆಳಗೆ. ಗಲ್ಲದ ಅಡಿಯಿಂದ ಹೊರಟ ಒಂದು ಗೆರೆಯ ತುದಿಯಲ್ಲಿ, 'ಹಳೆಯ ಗಾಯದ ಕಲೆ. ಕಾರಣ ತಿಳಿದಿಲ್ಲ.'

"ಇದು ನಿನಗೆ ಗೊತ್ತಿಲ್ಲವಾ?" ಮುಂಡಪ್ಪ ಗಲ್ಲದ ಅಡಿ ಮುಟ್ಟಿಕೊಂಡ.

"ಒಂದು ವರ್ಷ ಬಂದಾಗ ಇತ್ತು. ಕೇಳಬೇಕು ಅಂತ ಇದ್ದೆ. ಮದುವೆ ಮನೆ ಗೌಜಿಯಲ್ಲಿ ಆಗಲಿಲ್ಲ, ನೀವು ಹೊರಟಿರಿ. ಮತ್ತಿನ ವರ್ಷಕ್ಕೆ ಅದು ಹಳತಾಗಿತ್ತು."

ಅವಳು ಎರಡು ಕುರ್ಚಿ ಎಳೆದಳು. ಇಬ್ಬರೂ ಕೂತರು. ಹೇಳುವುದೋ ಬೇಡವೋ ಎಂದು ಮುಂಡಪ್ಪ ನೊಣಗಳನ್ನು ನೋಡಿದ.

"ಹೋಟೆಲ್ ಶುರು ಮಾಡಿದ ದಿನ ಆದದ್ದು. ಬೋರ್ಡ್ ಏರಿಸ್ತಾ ಇದ್ದರು. ನಾನು ಕೆಳಗೆ ನಿಂತು, ಎಡಕ್ಕೆ, ಇನ್ನು ಸ್ವಲ್ಪ ಎಡಕ್ಕೆ ಅಂತ ಹೇಳ್ತಾ ಇದ್ದೆ. ಹಗ್ಗ ಬಿಚ್ಚಿತು. ಬೋರ್ಡಿನ ಮೂಲೆ ಇಲ್ಲಿಗೆ ಬಡಿಯಿತು. ಪಾಲುದಾರ ಹೇಳಿದ, ಮೊದಲ ದಿನವೇ ರಕ್ತ, ಈ ಹೆಸರು ಆಗಿಬರುವುದಿಲ್ಲ, ಬದಲಿಸುವ ಅಂತ. ಬದಲಿಸಿದೆವು."

"ಎಂತ ಹೆಸರಿತ್ತು?"

ಮುಂಡಪ್ಪ ಬೇರೆ ಕಡೆ ನೋಡಿದ. "ಹೋಟೆಲ್ ಶಶಿಪ್ರಭಾ."

ಶಶಿಪ್ರಭಾ ಎದ್ದು ಹಗ್ಗದಿಂದ ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಹಗ್ಗ ಸರಿ ಕಟ್ಟದಿದ್ದರೆ ಯಾವ ಹೆಸರಾದರೂ ಬೀಳ್ತದೆ," ಎಂದಳು. 'ತಿಳಿದಿಲ್ಲ' ಎಂಬುದನ್ನು ಉಜ್ಜಿ ತೆಗೆದು, ಆ ಜಾಗದಲ್ಲಿ ದುಂಡಗಿನ ಟೀಚರ್ ಅಕ್ಷರದಲ್ಲಿ 'ಗುರುತ್ವಾಕರ್ಷಣೆ' ಎಂದು ಬರೆದಳು. ಬರೆದು ತಲೆಯೆತ್ತಿದಳು.

"ಯಾವ ಬಣ್ಣದ ಬೋರ್ಡು?"

"ಹಸಿರು. ಅಕ್ಷರ ಹಳದಿ."

"ದೊಡ್ಡದಿತ್ತಾ?"

"ಒಳ್ಳೆ ದೊಡ್ಡದು," ಎಂದ ಮುಂಡಪ್ಪ, ಮತ್ತು ಎಷ್ಟು ದೊಡ್ಡದೆಂದು ಎರಡೂ ಕೈ ಅಗಲಿಸಿ ತೋರಿಸಿದ.